ಕಲ್ಲಿನ ಮೇಲಿನ ಲೆಕ್ಕ, ಕಂಪ್ಯೂಟರಿನೊಳಗಿನ ಲೆಕ್ಕ

2025ರ ಮಾರ್ಚಿನಲ್ಲಿ ಮಂಡನೆಯಾದ ಕರ್ನಾಟಕ ಸರಕಾರದ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಮಂಡಿಸಿದವರು ಇದು ಸರ್ವಜನರ ಬಜೆಟ್ ಎಂದರು. ವಿರೋಧ ಪಕ್ಷದವರು 'ಹಲಾಲ್ ಬಜೆಟ್' ಎಂದು ಗೇಲಿ ಮಾಡಿದರು. ಟಿವಿ ಚಾನೆಲ್ಲುಗಳಿಗೆ ಒಂದು ವಾರದ ಮೇವು ಸಿಕ್ಕಿತು. ಯಾವ ಜಾತಿಗೆ ಎಷ್ಟು, ಯಾವ ಧರ್ಮಕ್ಕೆ ಎಷ್ಟು ಎಂದು ಗಂಟಲು ಹರಿದುಕೊಂಡವರಲ್ಲಿ ಒಬ್ಬರೂ ಅದರ ಹಿಂದಿನ ವರ್ಷ ಕೊಟ್ಟದ್ದು ಎಲ್ಲಿಗೆ ಮುಟ್ಟಿತು ಎಂದು ಕೇಳಿದ್ದು ಕಾಣೆ. ಬಜೆಟ್ ಎಂದರೆ ಹಂಚುವ ದಿನದ ಜಗಳ ಎಂದು ನಾವು ತಿಳಿದಿದ್ದೇವೆ. ಹಂಚಿದ್ದು ತಲುಪಿತೇ, ತಲುಪಿದ್ದು ಉಳಿಯಿತೇ, ಉಳಿಯದಿದ್ದರೆ ಯಾರು ಹೊಣೆ ಎಂಬ ಮಾತುಗಳಿಗೆ ನಮ್ಮ ರಾಜಕೀಯದಲ್ಲಿ ಮಾರುಕಟ್ಟೆಯಿಲ್ಲ.

ಈ ಮಾತುಗಳಿಗೆ ಬೆಲೆಯಿದ್ದ ಒಂದು ಕಾಲದ ಪುರಾವೆ ಗದಗ ತಾಲೂಕಿನ ಕೋಟುಮಚಗಿಯಲ್ಲಿದೆ. ನರೇಗಲ್ಲಿಗೆ ಹತ್ತಿರದ, ಎರೆಭೂಮಿಯ ನಡುವಿನ ಊರು ಅದು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಜೋಳ. ಮಳೆ ಬಂದರೆ ಬದುಕು, ಬಾರದಿದ್ದರೆ ಗುಳೆ ಎಂಬ ಸೀಮೆ. ಇಲ್ಲಿ ಕಲ್ಯಾಣದ ಚಾಲುಕ್ಯರ ಐದನೆಯ ವಿಕ್ರಮಾದಿತ್ಯನ ಕಾಲದ ಒಂದು ಕಲ್ಬರಹ ಸಿಕ್ಕಿದೆ. ಶಕವರ್ಷ 934, ಅಂದರೆ ಕ್ರಿ.ಶ. 1012ರದು. ಸಾವಿರ ವರ್ಷ ದಾಟಿದ ಈ ಕಲ್ಲನ್ನು ಚರಿತ್ರೆಯ ಅಧ್ಯಾಪಕರು ಶಿಕ್ಷಣದ ಇತಿಹಾಸಕ್ಕೆ ಉದಾಹರಿಸುತ್ತಾರೆ. ನನಗೆ ಅದು ಸಾರ್ವಜನಿಕ ಖರ್ಚಿನ ದಾಖಲೆಯಾಗಿ ಕಾಣುತ್ತದೆ.

ಅದರಲ್ಲಿ ಇರುವುದೇನು? ಊರಿನಲ್ಲಿ ಶಾಸ್ತ್ರ ಹೇಳಿಕೊಡುವವರಿಗೆ ಇಷ್ಟು ಮತ್ತರು ಭೂಮಿ, ಮಕ್ಕಳಿಗೆ ಅಕ್ಷರ, ಗಣಿತ, ವ್ಯಾಕರಣ ಕಲಿಸುವ ಅಕ್ಕರಿಗನಿಗೆ ಇಷ್ಟು, ಕಲಿಯುವವರ ಊಟ ಬಟ್ಟೆಯ ಏರ್ಪಾಡು ಹೀಗೆ ಎಂದು ಬರೆದಿದೆ. ಅಷ್ಟೇ ಅಲ್ಲ, ಊರೊಳಗೆ ಬೈದರೆ ಇಷ್ಟು ದಂಡ, ಹೊಡೆದರೆ ಇಷ್ಟು, ಕಠಾರಿ ಹಿರಿದರೆ ಇಷ್ಟು, ಇರಿದರೆ ಇಷ್ಟು ಎಂದು ದರಪಟ್ಟಿಯನ್ನೂ ಕೆತ್ತಿಸಿದ್ದಾರೆ. ಹಣದ ಮೂಲ, ಅದರ ಉದ್ದೇಶ, ಪಡೆದವನ ಕರ್ತವ್ಯ, ತಪ್ಪಿದವನ ದಂಡ ಎಲ್ಲವೂ ಒಂದೇ ಕಲ್ಲಿನಲ್ಲಿ, ಊರಿನಲ್ಲಿಯೇ, ಆಡುವ ಭಾಷೆಯಲ್ಲಿಯೇ ಇವೆ.

ಇಷ್ಟು ಹೇಳಿದೊಡನೆ 'ನಮ್ಮ ಪ್ರಾಚೀನರು ಎಷ್ಟು ದೊಡ್ಡವರು' ಎಂದು ಎದೆ ಬಡಿದುಕೊಳ್ಳುವವರು ಬರುತ್ತಾರೆ. ಅವರಿಗೆ ಒಂದು ಮಾತು. ಅದು ಅಗ್ರಹಾರ. ಆ ಶಾಲೆಯಲ್ಲಿ ಕುಳಿತದ್ದು ಯಾರ ಮಕ್ಕಳು, ಆ ಮತ್ತರುಗಳಲ್ಲಿ ಬೆವರು ಹರಿಸಿದ್ದು ಯಾರು ಎಂಬುದನ್ನು ಕಲ್ಲು ಹೇಳುವುದಿಲ್ಲ. ಹೇಳಬೇಕಾದ ಅಗತ್ಯ ಅಂದಿನವರಿಗೆ ಕಂಡಿರಲೂ ಇಲ್ಲ. ಓದಬಲ್ಲವರೂ ಕೆಲವರೇ. ಆ ಕಾಲಕ್ಕೆ ಮರಳುವ ಆಸೆ ನನಗಿಲ್ಲ. ನನ್ನ ಪ್ರಶ್ನೆ ಬೇರೆ. ಮಹಾಜನರೆಂಬ ಸಣ್ಣ ಗುಂಪಿಗೆ ರಾಜನೊಬ್ಬ ಕಲ್ಲಿನಲ್ಲಿ ಲೆಕ್ಕ ಬರೆದುಕೊಡಬೇಕಾಗಿದ್ದರೆ, ಪ್ರತಿಯೊಬ್ಬರಿಗೂ ಮತವಿರುವ ಈ ಕಾಲದಲ್ಲಿ ಇಡೀ ಊರಿಗೆ ಲೆಕ್ಕ ಕೊಡುವುದು ಸರಕಾರಕ್ಕೆ ಯಾಕೆ ಇಷ್ಟು ಕಷ್ಟವಾಗಿದೆ?

ಕಷ್ಟ ಎಲ್ಲಿದೆ, ಎಲ್ಲವೂ ಆನ್‌ಲೈನ್‌ನಲ್ಲಿ ಇದೆಯಲ್ಲ ಎಂದು ಅಧಿಕಾರಿಗಳು ಹೇಳುತ್ತಾರೆ. ಸುಳ್ಳಲ್ಲ. ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವೇ ಅಲ್ಲ. ಟೆಂಡರಿನ ಪಾರದರ್ಶಕತೆಗೆ 1999ರಲ್ಲೇ ಕಾಯ್ದೆ ತಂದಿತು. ಕೇಂದ್ರದ ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ಕರ್ನಾಟಕ 2000ದಲ್ಲೇ ತನ್ನದೊಂದನ್ನು ಮಾಡಿತ್ತು. 'ಭೂಮಿ' ಯೋಜನೆ ಬಂದ ಮೇಲೆ ಪಹಣಿಗಾಗಿ ಗ್ರಾಮಲೆಕ್ಕಿಗನ ಮನೆ ಬಾಗಿಲು ಕಾಯುವ ಕಾಲ ಹೋಯಿತು. ಇವನ್ನು ಮಾಡಿದವರಿಗೆ ಕೃತಜ್ಞತೆ ಸಲ್ಲಲೇಬೇಕು. ಆದರೆ ಕಂಪ್ಯೂಟರಿನಲ್ಲಿ ಲೆಕ್ಕ ಇಡುವುದು ಬೇರೆ, ಲೆಕ್ಕ ಕೊಡುವುದು ಬೇರೆ. ಲೆಕ್ಕ ಕೊಡುವುದೆಂದರೆ ಕೇಳುವವನ ಎದುರು ನಿಲ್ಲುವುದು. ಪೋರ್ಟಲ್ ಯಾರ ಎದುರೂ ನಿಲ್ಲುವುದಿಲ್ಲ.

ಉದ್ಯೋಗ ಖಾತರಿಯನ್ನೇ ನೋಡಿ. 2005ರ ಕಾಯ್ದೆಯಲ್ಲಿ ಎರಡು ಒಳ್ಳೆಯ ಸಂಗತಿಗಳಿದ್ದವು. ಗ್ರಾಮಸಭೆಯೇ ಕಾಮಗಾರಿಗಳ ಸಾಮಾಜಿಕ ಲೆಕ್ಕ ಪರಿಶೋಧನೆ ಮಾಡಬೇಕೆಂಬುದು ಒಂದು. ಹದಿನೈದು ದಿನದೊಳಗೆ ಕೂಲಿ ಕೊಡದಿದ್ದರೆ ಪರಿಹಾರ ಕೊಡಬೇಕೆಂಬುದು ಇನ್ನೊಂದು. ಪರಿಹಾರದ ದರ ದಿನಕ್ಕೆ ಬಾಕಿ ಕೂಲಿಯ 0.05 ಶೇಕಡ. 2025-26ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ. ಆರು ದಿನ ಮಣ್ಣು ಹೊತ್ತವಳಿಗೆ 2,220 ರೂಪಾಯಿ ಬರಬೇಕು. ತಡವಾದರೆ ಪರಿಹಾರ ದಿನಕ್ಕೆ ಒಂದು ರೂಪಾಯಿ ಹನ್ನೊಂದು ಪೈಸೆ! ಆ ಒಂದು ರೂಪಾಯಿಯನ್ನೂ ಲೆಕ್ಕ ಹಾಕುವಾಗ ಏನು ಮಾಡಿದರೆಂದರೆ, ಪಂಚಾಯತಿ ಮತ್ತು ತಾಲೂಕಿನ ಮಟ್ಟದಲ್ಲಿ ಆದ ತಡವನ್ನು ಮಾತ್ರ ತಡವೆಂದು ಎಣಿಸಿದರು. ಹಣ ಬಿಡುಗಡೆಯ ಆದೇಶ ದಿಲ್ಲಿಗೆ ಹೋದ ಮೇಲೆ ಅಲ್ಲಿ ಕುಳಿತ ದಿನಗಳು ಲೆಕ್ಕಕ್ಕೇ ಬರಲಿಲ್ಲ. ಇದು ಸುಪ್ರೀಂ ಕೋರ್ಟಿನವರೆಗೆ ಹೋಗಿ 2018ರಲ್ಲಿ ಕೂಲಿಕಾರರ ಪರವಾಗಿ ಮಾತು ಬಂತು. ಸಣ್ಣ ನೌಕರನ ತಡಕ್ಕೆ ದಂಡ, ದೊಡ್ಡ ಕಚೇರಿಯ ತಡಕ್ಕೆ ಮಾಫಿ ಎಂಬ ನೀತಿ ಯಾವ ಧರ್ಮಶಾಸ್ತ್ರದಲ್ಲಿದೆ?

ಕೆಳಗಿನವರ ಮೇಲಿನ ಅಪನಂಬಿಕೆ ಅಲ್ಲಿಗೆ ನಿಲ್ಲಲಿಲ್ಲ. ಸುಳ್ಳು ಹಾಜರಿ ತಡೆಯಲು 2023ರ ಜನವರಿಯಿಂದ ಮೊಬೈಲಿನಲ್ಲಿ ದಿನಕ್ಕೆರಡು ಸಲ ಕೂಲಿಕಾರರ ಫೋಟೋ ತೆಗೆದು ಕಳಿಸುವುದು ಕಡ್ಡಾಯವಾಯಿತು. ಸಿಗ್ನಲ್ ಸಿಗದ ಕಡೆ ಕೆಲಸ ಮಾಡಿದವರ ಹಾಜರಿ ಹೋಯಿತು. ಕಳ್ಳರಿಗೆ ಏನಾಯಿತು? 2025ರ ಜುಲೈಯಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಸುತ್ತೋಲೆ ಬರೆದು, ಸಂಬಂಧವಿಲ್ಲದ ಚಿತ್ರಗಳನ್ನು, ಫೋಟೋದ ಫೋಟೋಗಳನ್ನು ಕಳಿಸಿ ಹಾಜರಿ ಹಾಕಲಾಗುತ್ತಿದೆ ಎಂದು ಒಪ್ಪಿಕೊಂಡಿತು. ಕಳ್ಳನಿಗೆ ಹೊಸ ಕಿಟಕಿ ಸಿಕ್ಕಿತು, ದುಡಿದವಳಿಗೆ ಹಳೆಯ ಬಾಗಿಲೂ ಮುಚ್ಚಿತು. ಅದೇ ಊರಿನ ನಾಲ್ಕು ಜನರನ್ನು ಕರೆದು, 'ಈ ವಾರ ಈ ಕೆರೆಯಲ್ಲಿ ಇವರು ದುಡಿದದ್ದು ನಿಜವೇ' ಎಂದು ಮಸ್ಟರ್‌ರೋಲನ್ನು ಗಟ್ಟಿಯಾಗಿ ಓದಿದ್ದರೆ ಸತ್ತವರ ಹೆಸರು, ಬೆಂಗಳೂರಿಗೆ ಹೋದವರ ಹೆಸರು ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಊರಿಗೆ ಯಾರು ಎಲ್ಲಿದ್ದಾರೆಂದು ಗೊತ್ತಿರುತ್ತದೆ. ಉಪಗ್ರಹಕ್ಕೆ ಗೊತ್ತಿರುವುದಿಲ್ಲ.

2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆಯನ್ನು ತಂದಿತು. ನೂರು ದಿನದ ಜಾಗದಲ್ಲಿ 125 ದಿನ. ಖರ್ಚಿನ ನೂರರಲ್ಲಿ ನಲವತ್ತು ಪಾಲು ನಮ್ಮಂತಹ ರಾಜ್ಯಗಳ ತಲೆಗೆ. ಗಾಂಧಿಯ ಹೆಸರು ಹೋದದ್ದಕ್ಕೆ ದೊಡ್ಡ ಗದ್ದಲವಾಯಿತು, ಆಗಬೇಕಾದದ್ದೇ. ಆದರೆ ಎರಡು ಖಜಾನೆಗಳಿಂದ ಬರುವ ಕೂಲಿ ತಡವಾದಾಗ ಕೂಲಿಕಾರಳು ಯಾರ ಕೊರಳಪಟ್ಟಿ ಹಿಡಿಯಬೇಕು? ದಿಲ್ಲಿ ಬೆಂಗಳೂರಿನತ್ತ ಕೈ ತೋರಿಸುತ್ತದೆ, ಬೆಂಗಳೂರು ದಿಲ್ಲಿಯತ್ತ ತೋರಿಸುತ್ತದೆ. ಎರಡು ಕೈಗಳ ನಡುವೆ ನಿಲ್ಲುವವರು ಎರೆಹೊಲದ ಹೆಂಗಸರೇ.

ಇನ್ನು ಕಟ್ಟಿ ಮರೆಯುವ ರೋಗ. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸುವುದು ಇದೇ.

ಗದಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಮುಂಡರಗಿ ಸೀಮೆಯಲ್ಲಿ ಹಲ್ಲು ಕಂದಿದ ಮಕ್ಕಳನ್ನು, ಮೊಣಕಾಲು ಮಡಚಲಾಗದ ನಡುವಯಸ್ಸಿನವರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಜಿಲ್ಲೆಯವರೇ ಆದ ಎಚ್.ಕೆ. ಪಾಟೀಲರು 2013ರಿಂದ 2018ರವರೆಗೆ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ರಾಜ್ಯದ ತುಂಬ ಹಾಕಿಸಿದರು. ಯೋಚನೆ ಸರಿಯಾಗಿತ್ತು, ಉದ್ದೇಶವೂ ಒಳ್ಳೆಯದೇ. ನಾಣ್ಯ ಹಾಕಿದರೆ ಕೊಡ ತುಂಬುವ ಆ ಪುಟ್ಟ ಕಟ್ಟಡಗಳ ಮುಂದೆ ಜನ ಸಾಲುಗಟ್ಟಿದ್ದೂ ನಿಜ. ಸಾವಿರಾರು ಘಟಕಗಳು ಎದ್ದವು. ಆಮೇಲೆ? ಪೊರೆಯ ಫಿಲ್ಟರ್ ಬದಲಿಸುವ ಹೊತ್ತು ಬಂತು. ಮೋಟಾರು ಸುಟ್ಟಿತು. ಗುತ್ತಿಗೆ ಏಜೆನ್ಸಿಯ ಅವಧಿ ಮುಗಿಯಿತು. ಪಂಚಾಯತಿಯವರು 'ನಮಗೆ ಹಸ್ತಾಂತರವೇ ಆಗಿಲ್ಲ' ಎಂದರು, ಏಜೆನ್ಸಿಯವರು 'ನಮ್ಮ ಬಿಲ್ಲೇ ಪಾಸಾಗಿಲ್ಲ' ಎಂದರು. ರಾಜ್ಯದ ಎಷ್ಟೋ ಊರುಗಳಲ್ಲಿ ಅವು ಬೀಗ ಜಡಿದು ನಿಂತವು. ವಿಧಾನಮಂಡಲದಲ್ಲಿ ಎಲ್ಲ ಪಕ್ಷಗಳ ಶಾಸಕರೂ ತಮ್ಮ ಕ್ಷೇತ್ರದ ಕೆಟ್ಟ ಘಟಕಗಳ ಪಟ್ಟಿ ಓದುವಂತಾಯಿತು. ಒಂದು ಘಟಕಕ್ಕೆ ಹಾಕಿದ ಲಕ್ಷಗಟ್ಟಲೆ ರೂಪಾಯಿ ಕೆಲವು ಸಾವಿರ ರೂಪಾಯಿಯ ರಿಪೇರಿಯಿಲ್ಲದೆ ಮಣ್ಣುಪಾಲು. ಜನ ಮತ್ತೆ ಅದೇ ಬೋರ್‌ವೆಲ್ಲಿನ ನೀರಿಗೆ ಹೋದರು.

ಹಳೆಯ ಕನ್ನಡ ಶಾಸನಗಳನ್ನು ಓದಿದವರಿಗೆ ಒಂದು ನುಡಿ ಪರಿಚಿತ: ಖಂಡಸ್ಫುಟಿತ ಜೀರ್ಣೋದ್ಧಾರ. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು ಇವುಗಳ ದುರಸ್ತಿ ಎಂದರ್ಥ. ಗುಡಿಗೋ ಕೆರೆಗೋ ದಾನ ಕೊಡುವಾಗಲೇ, ಮೊದಲ ಕಲ್ಲು ಇನ್ನೂ ಹೊಸದಾಗಿರುವಾಗಲೇ, ಅದು ಒಂದು ದಿನ ಒಡೆಯುತ್ತದೆ ಎಂದು ಲೆಕ್ಕ ಹಾಕಿ ಅದಕ್ಕೂ ಭೂಮಿ ಬಿಡುತ್ತಿದ್ದರು. ವಕ್ಫ್ ಎಂಬುದರ ತಿರುಳೂ ಇದೇ. ಮೂಲ ಆಸ್ತಿ ಮುಟ್ಟಬಾರದು, ಅದರ ಹುಟ್ಟುವಳಿಯಿಂದ ಬಾವಿ, ಶಾಲೆ, ಛತ್ರ ನಡೆಯುತ್ತಿರಬೇಕು. (ನಮ್ಮ ಮುತವಲ್ಲಿಗಳು ಆ ಅಮಾನತ್ತನ್ನು ಎಲ್ಲೆಲ್ಲಿ ಹೇಗೆ ನುಂಗಿದ್ದಾರೆ ಎಂಬುದು ಇನ್ನೊಂದು ದೊಡ್ಡ ಲೇಖನಕ್ಕೆ ಆಗುವಷ್ಟಿದೆ. ಸರಕಾರವನ್ನು ಬಯ್ಯುವಾಗ ಅದನ್ನು ಮರೆತಂತೆ ನಟಿಸುವುದು ಬೇಡ.) ನಮ್ಮ ಇಂದಿನ ಬಜೆಟ್ಟಿನಲ್ಲಿ ಶಂಕುಸ್ಥಾಪನೆಗೆ ತಲೆಬರಹ ಇದೆ, ಜೀರ್ಣೋದ್ಧಾರಕ್ಕೆ ಅಡಿಟಿಪ್ಪಣಿ ಮಾತ್ರ. ಕಾರಣ ಸರಳ. ರಿಪೇರಿಗೆ ರಿಬ್ಬನ್ ಇಲ್ಲ. ಮೋಟಾರಿನ ಸುರುಳಿ ಸುತ್ತಿಸಿದ್ದಕ್ಕೆ ಯಾವ ಶಾಸಕರ ಹೆಸರನ್ನೂ ಅಮೃತಶಿಲೆಯಲ್ಲಿ ಕೆತ್ತಿಸಲಾಗುವುದಿಲ್ಲ.

2019ರ ಆಗಸ್ಟಿನಲ್ಲಿ ಘೋಷಣೆಯಾದ ಜಲ ಜೀವನ್ ಮಿಷನ್ ಅದೇ ದಾರಿ ಹಿಡಿಯುವ ಲಕ್ಷಣಗಳಿವೆ. ಮನೆ ಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ಎಂಬುದು ಭರವಸೆ. ನಲ್ಲಿಗಳನ್ನು ಎಣಿಸುವುದು ಸುಲಭ, ಅದರಲ್ಲಿ ಬರುವ ನೀರನ್ನು ಎಣಿಸುವುದು ಕಷ್ಟ. ಹಾಗಾಗಿ ನಲ್ಲಿ ಎಣಿಸಿ ಪ್ರತಿಶತ ಹೇಳುತ್ತಾರೆ. ಪೈಪಿಗಾಗಿ ಅಗೆದ ಸಿಮೆಂಟ್ ರಸ್ತೆಯನ್ನು ಮುಚ್ಚಬೇಕಾದವನು ಯಾರು ಎಂಬ ಪ್ರಶ್ನೆಯನ್ನು ಊರಿನಲ್ಲಿ ಕೇಳಿ ನೋಡಿ. ಮೂರು ಇಲಾಖೆಗಳ ಹೆಸರು ಸಿಗುತ್ತದೆ, ಮನುಷ್ಯನ ಹೆಸರು ಸಿಗುವುದಿಲ್ಲ.

ಗ್ಯಾರಂಟಿ ಯೋಜನೆಗಳ ಬಗ್ಗೆಯೂ ಹೇಳಬೇಕು. 2023ರಲ್ಲಿ ಇವು ಬಂದಾಗಿನಿಂದ ಪೇಟೆಯ ಉಳ್ಳವರು 'ಬಿಟ್ಟಿ ಭಾಗ್ಯ' ಎಂದು ಮೂಗು ಮುರಿಯುತ್ತಿದ್ದಾರೆ. ನಾನು ಅವರ ಪಕ್ಷದವನಲ್ಲ. ಮನೆಯ ಯಜಮಾನಿಯ ಕೈಗೆ ತಿಂಗಳಿಗೆ ಎರಡು ಸಾವಿರ ಬರುವುದೆಂದರೆ ಏನು ಎಂಬುದು ಗಂಡನ ಕಿಸೆಯತ್ತ ನೋಡದೆ ಔಷಧಿ ಕೊಂಡವಳಿಗೆ ಗೊತ್ತು. ಆದರೆ ಹಕ್ಕೆಂದು ಕೊಟ್ಟದ್ದನ್ನು ಹಕ್ಕಿನಂತೆಯೇ ಲೆಕ್ಕ ಇಡಬೇಕು. 2025ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಏನಾಯಿತು? ಗೃಹಲಕ್ಷ್ಮಿಯ ಹಣ ಆಗಸ್ಟಿನವರೆಗೆ ಪಾವತಿಯಾಗಿದೆ ಎಂದು ಸದನಕ್ಕೆ ಉತ್ತರ ಬಂತು. ಅದೇ ವರ್ಷದ ಫೆಬ್ರವರಿ ಮತ್ತು ಮಾರ್ಚ್ ತಿಂಗಳ ಕಂತುಗಳು ಎಲ್ಲಿ ಎಂದು ಕೇಳಿದಾಗ ಅವು ಜಮೆಯೇ ಆಗಿರಲಿಲ್ಲ ಎಂಬುದು ಹೊರಬಿತ್ತು. ಸಚಿವರು ವಿಷಾದ ಹೇಳಿದರು. ಎರಡು ತಿಂಗಳ ಕಂತು, ರಾಜ್ಯದ ಒಂದು ಕೋಟಿಗೂ ಹೆಚ್ಚು ಹೆಂಗಸರದು, ಸಾವಿರಾರು ಕೋಟಿ ರೂಪಾಯಿ. ಪಡೆಯದವರಿಗೆ ಗೊತ್ತಿತ್ತು, ಕೊಡಬೇಕಾದವರಿಗೆ ಗೊತ್ತಿರಲಿಲ್ಲ! ಊರಿನ ಯಾವ ಹೆಂಗಸನ್ನು ಕೇಳಿದ್ದರೂ ಬೆರಳು ಮಡಚಿ ಎಣಿಸಿ ಹೇಳುತ್ತಿದ್ದಳು. ಸರಕಾರದ ಬಳಿ ಅವಳನ್ನು ಕೇಳುವ ಏರ್ಪಾಡು ಇಲ್ಲ, ಅವಳ ಬಳಿ ಸರಕಾರವನ್ನು ಕೇಳುವ ಜಾಗವಿಲ್ಲ. ಹಿಂದೆ ಹಣ ದಾರಿಯಲ್ಲಿ ಸೋರುತ್ತಿತ್ತು. ರೂಪಾಯಿಯಲ್ಲಿ ಹದಿನೈದೇ ಪೈಸೆ ಬಡವನಿಗೆ ಮುಟ್ಟುತ್ತದೆ ಎಂದು ಪ್ರಧಾನಿ ರಾಜೀವ್ ಗಾಂಧಿಯೇ ಹೇಳಿದ್ದರು. ಈಗ ನೇರ ಖಾತೆಗೆ ಬರುವುದರಿಂದ ಸೋರಿಕೆ ಬಹಳಷ್ಟು ನಿಂತಿರಬಹುದು. ಆದರೆ ಬಾರದ ಹಣವನ್ನು ಕೇಳಲು ಹೋದರೆ ಬ್ಯಾಂಕಿನವರು ಪಂಚಾಯತಿ ಎನ್ನುತ್ತಾರೆ, ಪಂಚಾಯತಿಯವರು ತಾಲೂಕು ಎನ್ನುತ್ತಾರೆ, ತಾಲೂಕಿನವರು 'ಮೇಲಿನಿಂದಲೇ ಬಂದಿಲ್ಲ' ಎನ್ನುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹಳತಾಯಿತು. ಈಗ ಪೂಜಾರಿ ಯಾರೆಂದೇ ತಿಳಿಯುವುದಿಲ್ಲ.

'ಮೇಲೆ' ಎಂದರೆ ಎಲ್ಲಿ? ಒಂದು ಕಾಲದಲ್ಲಿ ಈ ರಾಜ್ಯದ ಒಬ್ಬ ಮಂತ್ರಿ ಆ 'ಮೇಲೆ' ಎಂಬುದನ್ನು ಕೆಳಗಿಳಿಸಲು ಹೊರಟಿದ್ದರು. ಅಬ್ದುಲ್ ನಜೀರ್ ಸಾಬ್. ಗುಂಡ್ಲುಪೇಟೆಯವರು, ಹೆಗಡೆ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿ. ಊರೂರಿಗೆ ಬೋರ್‌ವೆಲ್ ಹಾಕಿಸಿ 'ನೀರ್‌ಸಾಬ್' ಎಂದೇ ಹೆಸರಾದರು. ಬೋರ್‌ವೆಲ್ಲಿಗಿಂತ ದೊಡ್ಡ ಕೆಲಸ 1983ರ ಪಂಚಾಯತ್ ಕಾಯ್ದೆ. 1987ರಲ್ಲಿ ಚುನಾವಣೆಯಾಗಿ ಜಿಲ್ಲಾ ಪರಿಷತ್ತುಗಳು ಬಂದಾಗ ಅಧಿಕಾರಿಗಳು ಮೊದಲ ಬಾರಿಗೆ ಚುನಾಯಿತ ಅಧ್ಯಕ್ಷರ ಕೈಕೆಳಗೆ ಕುಳಿತರು. ಶಾಲೆಗೆ ಮೇಷ್ಟ್ರು ಬಾರದಿದ್ದರೆ ಕೇಳಲು ಜಿಲ್ಲೆಯಲ್ಲಿಯೇ ಒಬ್ಬ ಮನುಷ್ಯನಿದ್ದ, ಅವನಿಗೆ ಓಟು ಬೇಕಿತ್ತು. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಅವರ ಹೆಸರಿನ ತರಬೇತಿ ಸಂಸ್ಥೆ ಮೈಸೂರಿನಲ್ಲಿದೆ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆಂದೇ ಒಂದು ವಿಶ್ವವಿದ್ಯಾಲಯವೂ 2016ರಲ್ಲಿ ಗದಗಿನಲ್ಲಿಯೇ ಆಯಿತು. ಸಂಸ್ಥೆಗಳಿಗೆ ಬರವಿಲ್ಲ. ಆದರೆ ರಾಜ್ಯದ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ 2025 ಕಳೆದರೂ ಚುನಾವಣೆ ನಡೆಯಲಿಲ್ಲ. ಮೊದಲು ಬಿಜೆಪಿ, ಆಮೇಲೆ ಕಾಂಗ್ರೆಸ್ ಸರಕಾರ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ನೆಪ ಸಿಕ್ಕಿತು. ಶಾಸಕರಿಗೆ ಇದು ಅನುಕೂಲವೇ. ನಡುವಿನ ಎರಡು ಮಹಡಿ ಖಾಲಿಯಿದ್ದರೆ ಜಿಲ್ಲೆಯ ಹಣದ ಕೀಲಿ ಅವರ ಮತ್ತು ಅಧಿಕಾರಿಗಳ ನಡುವೆಯೇ ಉಳಿಯುತ್ತದೆ. ಸಂವಿಧಾನ ಐದು ವರ್ಷ ಎಂದು ಬರೆದದ್ದನ್ನು ಎರಡು ಪಕ್ಷಗಳೂ ಸೇರಿ ಮರೆತವು. ವಿಧಾನಸಭೆಗೆ ಹೀಗೆ ಒಂದು ವರ್ಷ ಚುನಾವಣೆ ನಿಲ್ಲಿಸಿದ್ದರೆ ಸಹಿಸುತ್ತಿದ್ದೆವೇ?

ಗ್ರಾಮ ಪಂಚಾಯತಿ ಮಟ್ಟದಲ್ಲಿ ಒಂದು ಒಳ್ಳೆಯ ಏರ್ಪಾಡು ಇನ್ನೂ ಕಾನೂನಿನಲ್ಲಿ ಇದೆ. ವರ್ಷಕ್ಕೊಮ್ಮೆ ಜಮಾಬಂದಿ. ಬಂದ ಹಣ, ಖರ್ಚಾದ ಹಣ, ಮಾಡಿದ ಕಾಮಗಾರಿ ಎಲ್ಲವನ್ನೂ ಮೇಲಧಿಕಾರಿಯೊಬ್ಬರು ಊರವರ ಎದುರಿನಲ್ಲಿ ಪರಿಶೀಲಿಸಬೇಕು. ಶಬ್ದ ಪಾರಸಿಯಿಂದ ಬಂದದ್ದು. ಜಮಾ, ಖರ್ಚು, ಬಾಕಿ, ತಹಸೀಲ್ದಾರ, ದಫ್ತರ, ಹಾಜರಿ ಎಲ್ಲ ಬಂದ ದಾರಿಯಲ್ಲೇ ಬಂದು ಕನ್ನಡವಾಗಿದೆ. ಯಾವ ರಾಜ ಬಂದರೂ ಹೋದರೂ ಈ ನಾಡು ಲೆಕ್ಕದ ಮಾತುಗಳನ್ನು ಮಾತ್ರ ಬಿಡಲಿಲ್ಲ ನೋಡಿ. ಆದರೆ ಜಮಾಬಂದಿ ಎಂದರೆ ಇಂದು ಎಷ್ಟು ಊರುಗಳಲ್ಲಿ ಕಡತಕ್ಕೆ ಸಹಿ ಬೀಳುವ ಒಂದು ಮಧ್ಯಾಹ್ನ ಮಾತ್ರ! ಡಂಗುರವಿಲ್ಲ, ಪಟ್ಟಿ ಓದುವುದಿಲ್ಲ, ಕಾಮಗಾರಿಯ ಜಾಗಕ್ಕೆ ಯಾರೂ ನಡೆಯುವುದಿಲ್ಲ. ಕೂಲಿಗೆ ಹೋಗುವವರು ಬರಲಾಗದ ಹೊತ್ತಿಗೆ ಸಭೆ ಇಡುತ್ತಾರೆ. ಇದು ಕೋಟುಮಚಗಿಯ ಪಂಚಾಯತಿಯ ಮೇಲಿನ ದೂರಲ್ಲ, ಯಾವ ಒಂದು ಊರಿನ ಮೇಲಿನದೂ ಅಲ್ಲ. ಪಂಚಾಯತಿಯ ಸದಸ್ಯರನ್ನು ಮಾತ್ರ ಕಳ್ಳರೆಂದು ಬಯ್ಯುವುದೂ ಅನ್ಯಾಯ. ಹದಿನೈದನೆಯ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ ಅರವತ್ತನ್ನು ನೀರು ಮತ್ತು ನೈರ್ಮಲ್ಯಕ್ಕೆ ಎಂದು ಮೊದಲೇ ಕಟ್ಟಿಹಾಕಿದ್ದರು. ಯಾವ ಓಣಿಗೆ ಚರಂಡಿ ಎಂದು ತೀರ್ಮಾನಿಸುವ ಸ್ವಾತಂತ್ರ್ಯವೂ ಅರ್ಧಂಬರ್ಧವಾದವನಿಂದ ಪೂರ್ತಿ ಲೆಕ್ಕ ಕೇಳುವುದು ಹೇಗೆ?

ಜನರಿಗೆ ಲೆಕ್ಕ ತಿಳಿಯುವುದಿಲ್ಲ ಎಂಬ ಮಾತನ್ನು ಯಾರಾದರೂ ಹೇಳಿದರೆ ಅವರನ್ನು ಅದೇ ಗದಗ ತಾಲೂಕಿನ ಕಣಗಿನಹಾಳಕ್ಕೆ ಕಳಿಸಬೇಕು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶಕ್ಕೇ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರ ಸಂಘ ಕಟ್ಟಿದ್ದು ಅಲ್ಲಿ. ಅಲ್ಲಿ ಸೇರಿದ ಒಕ್ಕಲಿಗರಲ್ಲಿ ಪದವೀಧರರು ಇರಲಿಲ್ಲ. ಯಾರು ಎಷ್ಟು ಒಯ್ದ, ಯಾರು ತೀರಿಸಿದ ಎಂಬುದು ಎಲ್ಲರ ನಡುವೆ ಆಡುವ ಮಾತಾಗಿತ್ತು, ಅಷ್ಟೇ.

ಆದ್ದರಿಂದ ಹೊಸ ಆ್ಯಪ್ ಬೇಡ. ಯಾವುದೇ ಕಟ್ಟಡ, ಘಟಕ, ಪೈಪಿಗೆ ಮಂಜೂರಾತಿ ಕೊಡುವ ಆದೇಶದಲ್ಲಿಯೇ ಹತ್ತು ವರ್ಷದ ದುರಸ್ತಿಯ ಹಣವನ್ನೂ, ದುರಸ್ತಿ ಮಾಡಬೇಕಾದವರ ಹುದ್ದೆಯನ್ನೂ ಬರೆಯಲಿ. ಇಲ್ಲದಿದ್ದರೆ ಶಂಕುಸ್ಥಾಪನೆಯೇ ಬೇಡ. ಜಮಾಬಂದಿಯನ್ನು ಸಂಜೆ ಹೊತ್ತಿನಲ್ಲಿ, ಕಟ್ಟೆಯ ಮೇಲೆ, ಮೈಕಿನಲ್ಲಿ, ಹೆಸರು ಮತ್ತು ಮೊತ್ತ ಓದಿ ನಡೆಸಲಿ. ತಾಲೂಕು, ಜಿಲ್ಲಾ ಪಂಚಾಯತಿಗೆ ಚುನಾವಣೆ ಆಗಲಿ. ಮತ್ತು ಸಕಾಲ. 2012ರ ಏಪ್ರಿಲ್‌ನಲ್ಲಿ ರಾಜ್ಯವಿಡೀ ಜಾರಿಯಾದ ಆ ಕಾಯ್ದೆಯ ಪ್ರಕಾರ ಜಾತಿ ಪ್ರಮಾಣಪತ್ರ ತಡವಾದರೆ ನೌಕರ ತನ್ನ ಸಂಬಳದಿಂದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೊಡಬೇಕು. ಕಾಗದ ತಡವಾದರೆ ಗುಮಾಸ್ತನಿಗೆ ದಂಡ ಇದೆ. ಕೂಲಿ, ಪಿಂಚಣಿ, ಗೃಹಲಕ್ಷ್ಮಿಯ ಕಂತು ತಡವಾದರೆ ಖಜಾನೆಗೂ ಅದೇ 20 ರೂಪಾಯಿಯ ದಂಡ ಬೀಳಲಿ, ಆ ಮೊತ್ತ ಬಾಕಿಯ ಜೊತೆಗೆ ಅದೇ ಖಾತೆಗೆ ಬರಲಿ. ಫೆಬ್ರವರಿ, ಮಾರ್ಚಿನ ಕಂತು ಕಳೆದ ಹೆಂಗಸರಿಗೆ ಅದು ಎಷ್ಟಾಗುತ್ತದೆಂದು ಮುಂದಿನ ಬಜೆಟ್ಟಿನ ದಿನ ಹಣಕಾಸು ಇಲಾಖೆಯವರು ಲೆಕ್ಕ ಹಾಕಿ ಹೇಳಲಿ.